ಬಾಯಲ್ಲಿ ಕಚ್ಚಿದ ಪಿನ್ನು

ಹೆರಳು ಹಾಕಿಕೊಳ್ಳುವ ಹೆಂಗಸಿಗೆ ಎರಡೇ ಕೈ ಕೊಟ್ಟು ದೇವರು ಜಿಪುಣತನ ತೋರಿಸಿದ್ದಾನೆಂದು ನನಗೆ ಚಿಕ್ಕಂದಿನಿಂದಲೂ ಅನುಮಾನ. ಒಂದು ಕೈ ಎಳೆಗಳನ್ನು ಹಿಡಿಯಬೇಕು, ಇನ್ನೊಂದು ಹೆಣೆಯಬೇಕು; ಹಾಗಾದರೆ ಪಿನ್ನುಗಳನ್ನು ಹಿಡಿಯುವವರು ಯಾರು? ಹಲ್ಲುಗಳೇ ಹಿಡಿಯಬೇಕು. ದೇವದುರ್ಗದ ನಮ್ಮ ತವರುಮನೆಯ ಪಡಸಾಲೆಯಲ್ಲಿ, ಕಂಬಕ್ಕೆ ತೂಗುಹಾಕಿದ್ದ ಅಂಚೊಡೆದ ಕನ್ನಡಿಯ ಮುಂದೆ, ಅವ್ವ, ನಾನು, ನನ್ನ ತಂಗಿ ನೀಲಮ್ಮ ಮೂವರೂ ಬೆಳಗಿನ ಹೊತ್ತು ಹೀಗೆ ತುಟಿಗಳ ನಡುವೆ ಕರಿಯ ಪಿನ್ನು ಕಚ್ಚಿಕೊಂಡು ನಿಲ್ಲುತ್ತಿದ್ದೆವು. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ನಮ್ಮಿಂದ ಹೊರಡುತ್ತಿದ್ದುದು "ಹೂಂ" ಎಂಬ ಒಂದೇ ಉತ್ತರ. ಅಪ್ಪ ಈ ಗುಟ್ಟನ್ನು ಕಂಡುಕೊಂಡು, ಅವ್ವ ಎಂದೂ ಒಪ್ಪಲಾರದ ಸಂಗತಿಗಳಿಗೆಲ್ಲ ಅಪ್ಪಣೆ ಕೇಳಲು ಅದೇ ಮುಹೂರ್ತವನ್ನು ಆರಿಸಿಕೊಳ್ಳುತ್ತಿದ್ದ. ಆಮೇಲೆ ಅವ್ವ ಪಿನ್ನು ಸಿಕ್ಕಿಸಿ ಮುಗಿಸಿ, ಬಾಯಿ ಖಾಲಿಯಾದ ಮೇಲೆ, "ಹೂಂ ಅಂದಾಕಿ ನಾ ಅಲ್ಲ, ಪಿನ್ನು. ಹೋಗಿ ಪಿನ್ನಿನ ಕೂಡ ಮಾತಾಡು" ಎಂದು ಎಲ್ಲವನ್ನೂ ರದ್ದು ಮಾಡುತ್ತಿದ್ದಳು. ಸಂತೆಯಲ್ಲಿ ಬಳೆ ಮಾರುವ ಚಾಚಿಯ ಹತ್ತಿರ ನಮಗೆ ಪಿನ್ನು ಕೊಡಿಸುವಾಗಲೂ ಅವ್ವ ಬರೀ ಮಾತನ್ನು ನಂಬುತ್ತಿರಲಿಲ್ಲ. ಚಾಚಿ "ಪಕ್ಕಾ ಲೋಹಾ ಅದ ಬೇಟಿ, ಜಂಗ್ ಹಿಡಿಯಂಗಿಲ್ಲ" ಎಂದು ತುಕ್ಕು ಹಿಡಿಯದ ಭರವಸೆ ಕೊಟ್ಟರೂ ಅವ್ವ ಒಂದನ್ನು ಕಚ್ಚಿ ನೋಡಿಯೇ ತೆಗೆದುಕೊಳ್ಳುವವಳು.

ನೀಲಾ ಮಾತ್ರ ಬೇರೆ. ಬಾಯಲ್ಲಿ ಪಿನ್ನಿಲ್ಲದಾಗಲೂ ಅವಳ ಉತ್ತರ "ಹೂಂ" ಎಂದೇ ಇರುತ್ತಿತ್ತು. ಅವಳದು ತಣ್ಣನೆಯ ಸ್ವಭಾವ, ಎಲ್ಲರಿಗೂ ಬೇಕಾದ ಹುಡುಗಿ ಎಂದು ಓಣಿಯವರು ಹೊಗಳುತ್ತಿದ್ದರು. ಒಪ್ಪಿಗೆಯನ್ನು ಗುಣವೆಂದು ಹೊಗಳುವವರ ಮೇಲೆ ನನಗೆ ಆಗಿನಿಂದಲೇ ಒಂದು ಕಣ್ಣಿತ್ತು.

ಈಗ ಇದನ್ನು ಬರೆಯುತ್ತಿರುವ ನನ್ನ ಮೇಜಿನ ಮೇಲೆ ಅವಳದೊಂದು ಪಿನ್ನು ಬಿದ್ದಿದೆ. ಕರಿಬಣ್ಣ ಸುಲಿದು, ಮಡಿಚಿದ ತಲೆಯಲ್ಲಿ ಕಬ್ಬಿಣ ಬಯಲಾಗಿದೆ. ನಗುತ್ತ ಓದಲು ಕುಳಿತವರು ನೀವಾದರೆ ಕ್ಷಮಿಸಿ, ಮಿತ್ರರೇ. ಈ ಪಿನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಮತ್ತು ಆ ಸಿಟ್ಟನ್ನು ಮಡಿಚಿ ಪೆಟ್ಟಿಗೆಯಲ್ಲಿಡುವಷ್ಟು ತಾಳ್ಮೆ, ದಿನವೂ ಬೇಳೆಯಿಂದ ಕಲ್ಲು ಆರಿಸುವ ನನ್ನಂಥವಳಲ್ಲೂ ಉಳಿದಿಲ್ಲ.

ನಾನು ರಾಯಚೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುವವಳು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯಲ್ಲಿ, ನಮ್ಮಂಥ ಹಳೆಯ ಅಧ್ಯಾಪಕರ ತಲೆಗೆ ಹೊಸ ಎಣ್ಣೆ ಹಚ್ಚುವ ತರಬೇತಿಗೆಂದು ಹೈದರಾಬಾದಿಗೆ ಹೋಗಿದ್ದೆ. ಅಲ್ಲಿ ಯುವ ವಿಜ್ಞಾನಿಯೊಬ್ಬಳು ಕರಿಹಲಗೆಯ ಮೇಲೆ ಉದ್ದನೆಯ ಗೆರೆಯೊಂದನ್ನು ಎಳೆದು, ಅದರ ಆರಂಭದಲ್ಲಿ ಒಂದು ಪಿನ್ನಿನ ಚಿತ್ರ ಬರೆದಳು. ಆ ಗೆರೆ ದೂತ ಆರ್‌ಎನ್‌ಎ. ನಮ್ಮ ಜೀವಕೋಶದೊಳಗೆ, ಯಾವ ಪ್ರೋಟೀನನ್ನು ಕಟ್ಟಬೇಕೆಂಬ ಅಪ್ಪಣೆಯನ್ನು ಹೊತ್ತು ತರುವ ಓಲೆ. ಅದನ್ನು ಓದಿ ಕಟ್ಟುವ ಯಂತ್ರ ರೈಬೋಸೋಮು. ಇಷ್ಟನ್ನು ನಾನು ವರ್ಷಗಟ್ಟಲೆ ಕಲಿಸಿದ್ದೆ. ಕಲಿಸದೆ ಬಿಟ್ಟಿದ್ದುದು ಓಲೆಯ ಆರಂಭದ ತುಣುಕನ್ನು. ಆ ತುಣುಕಿನಿಂದ ಯಾವ ಪ್ರೋಟೀನೂ ಹುಟ್ಟುವುದಿಲ್ಲ. ರೈಬೋಸೋಮು ಅದರ ಮೇಲೆ ಹಾದುಹೋಗಿ, ಮುಂದೆ ಸರಿಯಾದ ಅಕ್ಷರಗಳು ಸಿಕ್ಕ ಮೇಲಷ್ಟೇ ಕಟ್ಟಲು ತೊಡಗುತ್ತದೆ. ಹುಟ್ಟಿಸದ ಭಾಗಕ್ಕೆ ಬೆಲೆ ಎಲ್ಲಿಯದು? ಪುಸ್ತಕಗಳು ಅದಕ್ಕೆ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತಿದ್ದವು.

ಆದರೆ ಎಷ್ಟು ಕಟ್ಟಬೇಕು, ಯಾವಾಗ ಕಟ್ಟಬೇಕು, ಕಟ್ಟಲೇಬಾರದೇ ಎಂಬ ತೀರ್ಮಾನ ಅಡಗಿರುವುದೇ ಅಲ್ಲಿ ಎಂದು ಆಕೆ ಹೇಳಿದಳು. ದೇಹದಲ್ಲಿ ಕಬ್ಬಿಣವನ್ನು ಕೂಡಿಡುವ ಪ್ರೋಟೀನೊಂದಿದೆ, ಫೆರಿಟಿನ್. ಅದನ್ನು ಹಗೇವು ಎಂದುಕೊಳ್ಳಿ, ಜೋಳ ತುಂಬುವ ನೆಲಗುಂಡಿ. ಅದರ ಓಲೆಯ ಮುಂಭಾಗದಲ್ಲಿ ಸುಮಾರು ಮೂವತ್ತು ಅಕ್ಷರಗಳು ಒಂದರ ಮೇಲೊಂದು ಮಡಿಚಿ, ತುದಿಯಲ್ಲಿ ಸಣ್ಣ ಕುಣಿಕೆಯಾಗಿ, ಥೇಟು ತಲೆಯ ಪಿನ್ನಿನಂತೆ ನಿಲ್ಲುತ್ತವೆ. ಕೋಶದಲ್ಲಿ ಕಬ್ಬಿಣ ಕಡಿಮೆಯಾದಾಗ ಒಂದು ಕಾವಲು ಪ್ರೋಟೀನು ಬಂದು ಆ ಪಿನ್ನನ್ನು ಗಟ್ಟಿಯಾಗಿ ಹಿಡಿದು ಕೂರುತ್ತದೆ. ಅಷ್ಟೇ, ರೈಬೋಸೋಮು ಓಲೆಯನ್ನು ಹತ್ತಲಾರದು. ಓಲೆ ಇದೆ, ಓದಿಲ್ಲ. ಕಾಳೇ ಇಲ್ಲದಾಗ ಹಗೇವು ತೋಡಿ ಏನು ಮಾಡುವುದು? ಕಬ್ಬಿಣ ಒಳಬಂದ ಕೂಡಲೆ ಕಾವಲು ಕೈಬಿಡುತ್ತದೆ, ಓದು ನಡೆಯುತ್ತದೆ, ಹಗೇವು ಸಿದ್ಧವಾಗುತ್ತದೆ. ಇನ್ನೊಂದು ಸೊಗಸು ಕೇಳಿ: ಹೊರಗಿನ ಕಬ್ಬಿಣವನ್ನು ಒಳಗೆ ಕರೆದುಕೊಳ್ಳುವ ಬಾಗಿಲುಗಳೂ ಪ್ರೋಟೀನುಗಳೇ, ಅವುಗಳ ಓಲೆಯ ಬಾಲದಲ್ಲಿ ಇಂಥವೇ ಹಲವು ಪಿನ್ನುಗಳು. ಕೊರತೆಯಲ್ಲಿ ಅದೇ ಕಾವಲು ಅಲ್ಲಿ ಹೋಗಿ ಕೂತರೆ ಆ ಓಲೆ ಹರಿದುಹೋಗದೆ ಉಳಿಯುತ್ತದೆ, ಇನ್ನಷ್ಟು ಬಾಗಿಲುಗಳು ಏಳುತ್ತವೆ. ಹಗೇವು ನಿಲ್ಲಿಸು, ಬಾಗಿಲು ತೆರೆ. ಓದು ಬರಹ ಕಲಿಯದ, ಕಣ್ಣಿಗೇ ಕಾಣದ ಒಂದು ಕೋಶ ನಡೆಸುವ ಸಂಸಾರ ಇದು. ಕಪ್ಪೆಯಲ್ಲಿ, ಕೋಳಿಯಲ್ಲಿ, ಇಲಿಯಲ್ಲಿ, ಮನುಷ್ಯರಲ್ಲಿ, ಎಲ್ಲೆಲ್ಲೂ ಆ ಪಿನ್ನಿನ ಅಕ್ಷರಗಳು ಹೆಚ್ಚುಕಡಿಮೆ ಒಂದೇ ಎಂದೂ ಆಕೆ ತೋರಿಸಿದಳು.

ನಾನು ಮರಳಿ ಬಂದವಳು ತರಗತಿಯಲ್ಲಿ ನನ್ನ ತುರುಬಿನಿಂದಲೇ ಪಿನ್ನು ಕಿತ್ತು ಎತ್ತಿ ಹಿಡಿದು ಇದನ್ನೆಲ್ಲ ಹೇಳಿದೆ. ಫ್ಯಾನು ತಿರುಗದ ಕೋಣೆ, ರಾಯಚೂರಿನ ಬಿಸಿಲು, ಜಾಡಿಯಲ್ಲಿ ಕಣ್ಣುಬಿಟ್ಟ ಕಪ್ಪೆಗಳು. ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು:

"ಮೇಡಂ, ಇದು ಪರೀಕ್ಷಾಕ್ಕ ಬರ್ತದೇನ್ರೀ?"

ಬರುವುದಿಲ್ಲ ಎಂದೆ. ಎಲ್ಲರೂ ಒಟ್ಟಿಗೆ ಪೆನ್ನಿನ ಮುಚ್ಚಳ ಹಾಕಿದ ಸದ್ದು ಈಗಲೂ ಕಿವಿಯಲ್ಲಿದೆ. ಆ ಪೆನ್ನು ಮುಚ್ಚಿದವರಲ್ಲಿ ಅರ್ಧದಷ್ಟು ಹುಡುಗಿಯರು ಬಳಪ ತಿನ್ನುತ್ತಿದ್ದರು, ಹಸಿ ಅಕ್ಕಿ ಮುಕ್ಕುತ್ತಿದ್ದರು. ಮೆಟ್ಟಿಲು ಹತ್ತಿ ಬಂದರೆ ಎದೆ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದರು. ಕಬ್ಬಿಣ ಸಾಲದ ಅವರ ಮೈಯ ಒಂದೊಂದು ಕೋಶದಲ್ಲೂ ಕಾವಲು ಪಿನ್ನನ್ನು ಕಚ್ಚಿ ಹಿಡಿದು ಕೂತಿತ್ತು. ಅದು ಪರೀಕ್ಷೆಗೆ ಬರುವುದಿಲ್ಲವಂತೆ.

ಅದೇ ವರ್ಷ ನೀಲಾ ಬಸುರಿ. ಅವಳನ್ನು ಮಾನ್ವಿ ತಾಲೂಕಿನ ಕಲ್ಲೂರಿಗೆ ಕೊಟ್ಟಿದ್ದೆವು. ಉಣ್ಣಲು ಉಡಲು ಕೊರತೆಯಿಲ್ಲದ ಒಕ್ಕಲುಮನೆ, ಗಂಡ ಒಳ್ಳೆಯವನು, ಅತ್ತೆ ಬಸಲಿಂಗಮ್ಮ ಗಟ್ಟಿಗಿತ್ತಿ. ಆರನೆಯ ತಿಂಗಳಲ್ಲಿ ನೋಡಲು ಹೋದೆ. ಮಾನ್ವಿ ಬಸ್ಸಿನಿಂದ ಇಳಿದು ಮನೆ ಹೊಕ್ಕರೆ, ನೀಲಾ ಹಿತ್ತಲ ಗೋಡೆಯ ಮಗ್ಗುಲಲ್ಲಿ ನಿಂತು ಮಣ್ಣಿನ ಹೆಂಟೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಸೆರಗಿನಿಂದ ತುಟಿ ಒರೆಸಿಕೊಂಡಳು. ಅವಳ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದೆ. ಒಗೆದ ಅರಿವೆಯ ಹಾಗಿತ್ತು. ಅಂಗೈ ಗೆರೆಗಳೂ ಬೆಳ್ಳಗೆ.

"ನರ್ಸಮ್ಮ ಗುಳಿಗಿ ಕೊಡ್ತಾಳಿಲ್ಲೇನ?"

"ಹೂಂ."

"ಉಣಾಕತ್ತೀ?"

ಅವಳು ಹೆರಳು ಬಿಚ್ಚಿ ಬಾಚಣಿಗೆ ಎತ್ತಿಕೊಂಡು, ಎರಡು ಪಿನ್ನುಗಳನ್ನು ಹಲ್ಲಿನಲ್ಲಿ ಕಚ್ಚಿದಳು. ಮತ್ತೆ "ಹೂಂ" ಅಂದಳು.

ಪಡಸಾಲೆಯ ಗೋಡೆಯ ಮೇಲೆ ಗೊಬ್ಬರದಂಗಡಿಯವರು ಕೊಟ್ಟ ಕ್ಯಾಲೆಂಡರು. ಅದರಲ್ಲಿ ಹಾಲಿನಲ್ಲಿ ಅದ್ದಿ ತೆಗೆದಂಥ ಒಂದು ಮಗು, ಗಲ್ಲಗಳು ಉಬ್ಬಿ, ತುಟಿ ಕೆಂಪಾಗಿ ಕೂತು ನಗುತ್ತಿತ್ತು. ಬಸುರಿ ಬೆಳಿಗ್ಗೆ ಎದ್ದ ಕೂಡಲೆ ಮೊದಲು ಅದನ್ನೇ ನೋಡಬೇಕೆಂದು ಅತ್ತೆಯ ಕಟ್ಟಪ್ಪಣೆಯಂತೆ. ನೋಡಿದ ಮಗುವಿನಂಥ ಮಗು ಹುಟ್ಟುತ್ತದಂತೆ. ಊರಿನ ಆರೋಗ್ಯ ಉಪಕೇಂದ್ರದ ಗೋಡೆಯಲ್ಲೂ, ಕಬ್ಬಿಣದ ಗುಳಿಗೆಯ ಡಬ್ಬಿಯ ಸರಿಯಾಗಿ ಮೇಲೆ, ಅದೇ ಬೆಳ್ಳನೆಯ ಮಗುವಿನ ಕ್ಯಾಲೆಂಡರು ಇದ್ದುದನ್ನು ನಾನು ಆಮೇಲೆ ಕಣ್ಣಾರೆ ಕಂಡೆ.

ಬಸಲಿಂಗಮ್ಮ ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು ತನ್ನ ಎಮ್ಮೆ ತೋರಿಸಿದಳು. ಗಬ್ಬದ ಎಮ್ಮೆ, ಮಿರಿಮಿರಿ ಮಿಂಚುತ್ತಿತ್ತು. ಬಾನಿಯಲ್ಲಿ ಹತ್ತಿಕಾಳು ನೆನೆಹಾಕಿತ್ತು. ನಾನು ಬಗ್ಗಿ ನೋಡಿದೆ. ಬೂದುಬಣ್ಣದ ಹತ್ತಿಕಾಳಿನ ನಡುವೆ, ನೀರಲ್ಲಿ ಕೆಂಪು ಬಿಡುತ್ತ, ಗುಂಡಗಿನ ಗುಳಿಗೆಗಳು.

"ಏನ್ರೀ ಅತ್ತೀ ಇದು?"

"ಗುಳಿಗಿ" ಎಂದಳು ಆಕೆ, ಹತ್ತಿಕಾಳು ಎಂದಷ್ಟೇ ಸಹಜವಾಗಿ.

"ಯಾರ ಗುಳಿಗಿ?"

"ನೀಲವ್ವಂದು. ಆ ನರ್ಸಮ್ಮ ಪಾಪ ಬಿಸಲಾಗ ನಡಕೋತ ಬಂದು ಕೊಟ್ಟು ಹೋಗ್ತಾಳ. ತಿಪ್ಪಿಗಿ ಚೆಲ್ಲಾಕ ಮನಸ ಬರಂಗಿಲ್ಲ ಯವ್ವಾ. ಇದೂ ಗಬ್ಬ ಅದಲ್ಲ, ಇದಕರ ಹತ್ತಲಿ ಅಂತ."

"ನೀಲಾಗ ಯಾಕ ಕೊಡಲಿಲ್ರೀ?"

"ಹುಚ್ಚಿ ಅದೀ ಏನ? ಅದನ್ನ ಉಂಡ್ರ ಕೂಸು ಕರ್ರಗ ಆಗ್ತದ. ದಪ್ಪ ಆಗ್ತದ, ಹಡಿಯಾಕ ಬರಂಗಿಲ್ಲ. ಎರಡು ದಿನ ಉಂಡಾಗ ಬಯಲಕಡಿ ಎಲ್ಲಾ ಕರ್ರಗ ಹೋತು ಅಂತ ಆಕಿನ ಹೇಳ್ಯಾಳ. ಒಳಗ ಕುಂತ ಕೂಸು ಮತ್ತ ಯಾವ ಬಣ್ಣ ಆದೀತು?"

"ಎಮ್ಮಿಗಿ ಹಾಕಿದ್ರ?"

"ಎಮ್ಮಿ ಕರ ಬೆಳ್ಳಗ ಹುಟ್ಟಿ ಯಾರ್ನ ಮದುವಿ ಆಗಬೇಕಾಗ್ಯದ?"

ಓದುಗರೇ, ನನಗೆ ನಗು ಬಂದಿತು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಆಕೆ ಗುಳಿಗೆಯನ್ನು ವಿಷವೆಂದು ಹೆದರಿದವಳಲ್ಲ, ಬಿಸಾಡಿದ ಸೋಮಾರಿಯೂ ಅಲ್ಲ. ಅದು ಪುಷ್ಟಿಯ ವಸ್ತು ಎಂದು ನಂಬಿಯೇ, ಆ ಪುಷ್ಟಿ ಯಾರ ಹೊಟ್ಟೆಗೆ ಹೋದರೆ ನಷ್ಟವಿಲ್ಲ ಎಂದು ಕೊಟ್ಟಿಗೆಯಿಂದ ಅಡುಗೆಮನೆಯವರೆಗೆ ಲೆಕ್ಕ ಹಾಕಿ, ಎಮ್ಮೆಯನ್ನು ಆರಿಸಿದ್ದಳು. ನಾನು ಕೂಗಾಡಿದೆ. ರಕ್ತ, ಕಬ್ಬಿಣ, ಕೋಶ, ಓಲೆ, ಪಿನ್ನು, ಎಲ್ಲವನ್ನೂ ಆ ಕೊಟ್ಟಿಗೆಯಲ್ಲಿ ನಿಂತು ಒದರಿದೆ. ಬಸಲಿಂಗಮ್ಮ ಎಮ್ಮೆಯ ಬೆನ್ನು ಸವರುತ್ತ ಕೇಳಿ, "ನೀ ಕಪ್ಪಿ ಕೊಯ್ಯಾಕಿ. ನಾ ಏಳು ಹಡದಾಕಿ. ಯಾರಿಗಿ ಗೊತ್ತಿರ್ತದ ಹೇಳು" ಎಂದಳು. ನೀಲಾ ಹೊಸ್ತಿಲಲ್ಲಿ ನಿಂತಿದ್ದಳು.

"ನಿನಗ ಗೊತ್ತಿತ್ತೇನ, ಎಮ್ಮಿಗಿ ಹಾಕೂದು?"

"ಹೂಂ."

ಬಾಯಲ್ಲಿ ಪಿನ್ನು ಇನ್ನೂ ಇತ್ತು.

ಬಸ್ಸಿನಲ್ಲಿ ಮರಳುವಾಗ ನನ್ನ ತಲೆಯಲ್ಲಿ ಕೋಶಗಳೇ ಕುದಿಯುತ್ತಿದ್ದವು. ಕಬ್ಬಿಣ ಸಾಲದಾದಾಗ ನನ್ನ ತಂಗಿಯ ಪಿತ್ತಜನಕಾಂಗದ ಒಂದೊಂದು ಕೋಶವೂ ಹಗೇವಿನ ಕೆಲಸ ನಿಲ್ಲಿಸಿ, ಬಾಗಿಲು ತೆರೆದು, ಎಲ್ಲಿಂದಾದರೂ ಒಂದು ಕಣ ಬಂದೀತೆಂದು ಕಾದು ಕೂತಿದೆ. ಅಷ್ಟು ಬಾಗಿಲುಗಳನ್ನು ಅದು ಕಟ್ಟಿಕೊಂಡಿದೆ. ಮತ್ತು ಆ ಕೋಶಗಳನ್ನೆಲ್ಲ ಹೊತ್ತವಳ ಮನೆ, ತಲೆಯಿರುವವರ ಮನೆ, ಕಬ್ಬಿಣ ಹೊಸ್ತಿಲವರೆಗೂ ಬಂದಾಗ ಬಾಗಿಲು ಹಾಕಿ ಕೊಟ್ಟಿಗೆಯ ದಾರಿ ತೋರಿಸುತ್ತದೆ! ಗೋಡೆಗೋಡೆಯ ಮೇಲೆ ಸರಕಾರ ಬರೆಸಿದೆ: ಗರ್ಭಿಣಿಯರು ಕಬ್ಬಿಣಾಂಶದ ಮಾತ್ರೆ ಸೇವಿಸಿರಿ. ಆ ಓಲೆಯೂ ಕಲ್ಲೂರನ್ನು ಮುಟ್ಟಿದೆ. ನರ್ಸಮ್ಮ ಕಾಲು ಸವೆಸಿ ಮುಟ್ಟಿಸಿದ್ದಾಳೆ. ಅದರ ಮುಂಬಾಗಿಲಲ್ಲಿ ಏನೋ ಹಿಡಿದು ಕೂತಿದೆ, ಓದು ಒಳಗೆ ಹತ್ತುತ್ತಿಲ್ಲ. ಕೋಶದ ಕಾವಲಾದರೂ ಕಬ್ಬಿಣ ಬಂದರೆ ಎದ್ದುಹೋಗುತ್ತದೆ. ಈ ಕಾವಲು ಕಬ್ಬಿಣ ಬಂದದ್ದನ್ನು ಕಂಡೇ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಕಪ್ಪೆಗೂ ತಿಳಿದ ಬುದ್ಧಿ ಇದು, ಕಪ್ಪೆಗೂ! ಕಿಟಕಿಯ ಸರಳು ಹಿಡಿದು ನಾನು ಇದನ್ನು ಗಟ್ಟಿಯಾಗಿಯೇ ಅಂದಿರಬೇಕು, ಪಕ್ಕದಲ್ಲಿ ಕೂತಿದ್ದ ಮುದುಕ "ಏನಂದ್ರಿ ಯವ್ವಾ?" ಎಂದು ಕಿವಿ ಕೊಟ್ಟ.

ಏಳನೆಯ ತಿಂಗಳಲ್ಲಿ, ತವರಿಗೆ ಕರೆತರುವ ಪದ್ಧತಿಯ ನೆಪದಿಂದ, ನೀಲಾಳನ್ನು ರಾಯಚೂರಿನ ನನ್ನ ಮನೆಗೇ ಕರೆದುಕೊಂಡು ಬಂದೆ. ಊಟವಾದ ಮೇಲೆ ಎದುರು ನಿಂತು ಗುಳಿಗೆ ನುಂಗಿಸಿದೆ. ನುಗ್ಗೆಸೊಪ್ಪು, ರಾಜಗಿರಿ, ಬೆಲ್ಲ, ಶೇಂಗಾ, ನನ್ನ ಅಡುಗೆಮನೆಯಲ್ಲಿ ಏನೇನು ಸಾಧ್ಯವೋ ಎಲ್ಲ. ಆದರೆ ಬರಿದಾದ ಹಗೇವು ಎರಡು ತಿಂಗಳಲ್ಲಿ ತುಂಬುವುದಿಲ್ಲ. ಹೆರಿಗೆಯಾಯಿತು, ಹೆಣ್ಣು ಮಗು. ಮಗುವಿನ ಹಿಂದೆಯೇ ರಕ್ತ ಹೋಗತೊಡಗಿ ನಿಲ್ಲಲಿಲ್ಲ. ಬೇರೆ ಬಾಣಂತಿಯಾಗಿದ್ದರೆ ತಡೆದುಕೊಳ್ಳುವಷ್ಟೇ ಹೋಗಿತ್ತು ಎಂದರು ಡಾಕ್ಟರಮ್ಮ, ಇವಳಿಗೆ ತಡೆದುಕೊಳ್ಳಲು ಮೈಯಲ್ಲಿ ಏನಿತ್ತು? "ಇಷ್ಟ ಬೆಳ್ಳಗ ಇದ್ದಾಳ, ಒಂಬತ್ತು ತಿಂಗಳು ಏನ್ ನೋಡಿಕೋತ ಕುಂತಿದ್ರಿ?" ಎಂದು ಆಕೆ ನನ್ನ ಮೇಲೆ ರೇಗಿದರು. ಕಲ್ಲೂರಿನಿಂದ ಓಡಿಬಂದ ನೀಲಾಳ ಗಂಡನ ರಕ್ತ ಹೊಂದಿತು. ತೋಳು ಚಾಚಿ ಮಲಗಿದ. ಅವಳು ಉಳಿದಳು. ಉಳಿದಳು ಎಂಬ ಒಂದು ಮಾತನ್ನು ಬರೆಯಲು ನನಗೆ ಈಗ ಕ್ಷಣ ಸಾಕು. ಅಂದು, ಆಸ್ಪತ್ರೆಯ ವರಾಂಡದಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತವಳಿಗೆ ಆ ಮಾತು ಒಳಗಿನಿಂದ ಬರುವುದಕ್ಕೆ ಮಧ್ಯಾಹ್ನವೆಲ್ಲ ಕಳೆಯಿತು, ಮತ್ತು ಆ ಮಧ್ಯಾಹ್ನವೆಲ್ಲ ನಾನು ಬಸಲಿಂಗಮ್ಮನಿಗೆ ಹೇಳಬೇಕಾದುದನ್ನು ಬಾಯಿಪಾಠ ಮಾಡುತ್ತಿದ್ದೆ.

ಆಕೆ ಬಂದದ್ದು ನೀಲಾ ಆಸ್ಪತ್ರೆಯಿಂದ ನನ್ನ ಮನೆಗೆ ಮರಳಿದ ಮೇಲೆ, ಬಾಣಂತಿ ಎದ್ದು ಗೋಡೆ ಹಿಡಿಯದೆ ನಡೆಯತೊಡಗಿದ್ದ ದಿನಗಳಲ್ಲಿ. ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಿದ್ದಳು. ಕಂಕುಳಲ್ಲಿ ಒದ್ದೆಯರಿವೆ ಸುತ್ತಿದ ಸ್ಟೀಲಿನ ಡಬ್ಬಿ.

"ಎಮ್ಮಿ ಈದದ" ಎಂದಳು, ಚಪ್ಪಲಿ ಬಿಡುವ ಮೊದಲೇ. "ಏನ್ ಕರ ಅಂತೀ! ಕಾಡಿಗಿ ಹಚ್ಚಿದಂಗ ಕರ್ರಗ, ಬಿದ್ದ ಗಳಿಗ್ಯಾಗ ಎದ್ದು ನಿಂತದ. ಗಿಣ್ಣ ತಂದೀನಿ, ನನ್ನ ಸೊಸಿಗಿ."

ಗಿಣ್ಣ! ನನ್ನ ತಂಗಿಯ ರಕ್ತವಾಗಬೇಕಾದ ಕಬ್ಬಿಣವನ್ನು ತಿಂದ ಎಮ್ಮೆಯ ಮೊದಲ ಹಾಲು, ಬೆಲ್ಲ ಏಲಕ್ಕಿ ಹಾಕಿ ಕಾಸಿ, ಪ್ರೀತಿಯಿಂದ ತಂದದ್ದು. ಬಾಯಿಪಾಠ ಮಾಡಿದ್ದನ್ನೆಲ್ಲ ಬದಿಗಿಟ್ಟು, ಮೊದಲು ಆ ಡಬ್ಬಿಯನ್ನೇ ಇಸಿದುಕೊಂಡೆ. ನೀಲಾ ಕಿಟಕಿಯ ಬೆಳಕಿಗೆ ಚಾಪೆ ಹಾಸಿಕೊಂಡು ಹೆರಳು ಹಾಕುತ್ತಿದ್ದಳು, ತುಟಿಯಲ್ಲಿ ಪಿನ್ನು. ಬಸಲಿಂಗಮ್ಮ ತೊಟ್ಟಿಲ ಅರಿವೆ ಸರಿಸಿ ಮೊಮ್ಮಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮಗುವಿಗೆ ಬಣ್ಣ ಮೂಡತೊಡಗಿತ್ತು. ನೇರಳೆಹಣ್ಣಿನ ಒಳ್ಳೆಯ ಗಟ್ಟಿ ಬಣ್ಣ.

"ನಾ ಮೊದಲಾ ಹೇಳಿದ್ದೆ" ಎಂದು ನನ್ನ ಕಡೆ ತಿರುಗಿದಳು. "ನೀ ಎರಡು ತಿಂಗಳು ಗುಳಿಗಿ ತಿನಿಸಿದೆಲ್ಲ, ಅದಕ್ಕ ಹಿಂಗ ಆಗ್ಯದ."

"ನಿಮ್ಮವ್ವ ಯಾವ ಗುಳಿಗಿ ಉಂಡಿದ್ಲು, ಅತ್ತೀ?"

ನನ್ನ ಬಾಯಿಂದ ಅದು ಚಾಟಿಯ ಹಾಗೆ ಬಂತು. ಬಸಲಿಂಗಮ್ಮ ಮಗುವಿಗಿಂತ ಒಂದು ಪಾಲು ಹೆಚ್ಚೇ ಕಪ್ಪು. ಆಕೆ ತೊಟ್ಟಿಲ ಹಗ್ಗ ಹಿಡಿದ ತನ್ನ ಕೈಯನ್ನೇ ನೋಡಿಕೊಂಡಳು. ಜಗಳಕ್ಕೆ ಬರುವಳೆಂದು ನಾನು ಸೆರಗು ಸಿಕ್ಕಿಸಿ ನಿಂತರೆ, ಆಕೆ ಗೋಡೆಗೆ ಒರಗಿ ಕೂತುಬಿಟ್ಟಳು.

"ನಮ್ಮವ್ವಗ ರೊಟ್ಟಿನ ಇದ್ದಿಲ್ಲ, ಗುಳಿಗಿ ಎಲ್ಲಿಂದ ಬರಬೇಕು" ಎಂದಳು. "ಕರೇ ಬಸಲಿ, ಕರೇ ಬಸಲಿ ಅಂತ ಓಣ್ಯಾಗ ಕೂಗೋರು. ಕನ್ಯಾ ನೋಡಾಕ ಬಂದವ್ರು ಚಾ ಕುಡದು, ನಮ್ಮಪ್ಪನ ಮುಖ ನೋಡದ ಎದ್ದು ಹೋಗೋರು. ಕಡೀಕ ಎರಡನೇ ಸಂಬಂಧಕ್ಕ ಕೊಟ್ರು. ಅಲ್ಲಿ ಮಾವ ನನ್ನ ಕೈಲೆ ನೀರ ಇಸಗೊಳ್ಳಲಿಲ್ಲ. ಈ ಮನ್ಯಾಗ ಇನ್ನೊಂದು ಹೆಣ್ಣಿಗಿ ಅದು ಬ್ಯಾಡಂತ ಮಾಡೀನಿ ಯವ್ವಾ. ಮತ್ತೇನ ನಿನ ತಂಗೀನ ಕೊಲ್ಲಾಕ ಮಾಡೀನೇನು?"

ಇಲ್ಲಿ ನನ್ನ ಸಿಟ್ಟು ಕರಗಿತೆಂದು ಬರೆದರೆ ನಿಮಗೆ ಸಮಾಧಾನವಾದೀತು. ಕರಗಲಿಲ್ಲ. ಅದಕ್ಕೆ ಹೋಗಬೇಕಾದ ಮನೆಗಳು ಹೆಚ್ಚಾದವು, ಅಷ್ಟೇ. ಚಹಾ ಕುಡಿದು ಎದ್ದುಹೋದವರ ಮನೆ, ನೀರು ಇಸಿದುಕೊಳ್ಳದ ಆ ಮಾವನ ಮನೆ, ಬೆಳ್ಳನೆಯ ಮಗುವನ್ನು ಅಚ್ಚು ಹಾಕಿ ಊರೂರಿಗೆ ಹಂಚಿದವರ ಮನೆ, ಆ ಮಗುವಿನ ಕೆಳಗೇ ಗುಳಿಗೆಯ ಡಬ್ಬಿ ಇಟ್ಟು ಎರಡರ ನಡುವಿನ ಜಗಳ ಕಾಣದ ನಮ್ಮಂಥ ಓದಿದವರ ಮನೆ. ಕಾವಲು ಕೂತಿರುವುದು ಈ ಒಬ್ಬ ಮುದುಕಿ ಎಂದುಕೊಂಡು ನಾನು ಇಷ್ಟು ದಿನ ಆಕೆಯನ್ನೇ ಎಬ್ಬಿಸಲು ಕೂಗಾಡಿದ್ದೆ. ಆಕೆಯನ್ನೂ ಒಂದು ಹೆದರಿಕೆ ಹಿಡಿದು ಕೂತಿತ್ತು. ಅದು ಅರವತ್ತು ವರ್ಷದ ಮುದುಕಿಯ ಮೈಯಲ್ಲಿ ಹುಟ್ಟಿದ್ದಲ್ಲ, ಹುಡುಗಿಯಾಗಿದ್ದಾಗ ಓಣಿಯಲ್ಲಿ ಹತ್ತಿದ್ದು.

ಆಗ ಕಿಟಕಿಯ ಕಡೆಯಿಂದ ಸಣ್ಣ ಸದ್ದು ಕೇಳಿತು. ನೀಲಾ ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲಿಟ್ಟಳು. ಹೆರಳು ಅರ್ಧಕ್ಕೇ ಬಿಚ್ಚಿಕೊಂಡಿತು.

"ಅತ್ತೀ" ಎಂದಳು. ದನಿ ಸಣ್ಣದಿತ್ತು, ನಡುಗುತ್ತಿರಲಿಲ್ಲ. "ಎಮ್ಮಿಗಿ ಹತ್ತಿಕಾಳು ಹಾಕ್ರಿ. ನನ್ನ ಗುಳಿಗಿ ನನಗ ಕೊಡ್ರಿ. ಕೂಸು ಕರ್ರಗಿದ್ರ ಇರ್ಲಿ, ನಿಮ್ಮಂಗ ಗಟ್ಟ್ಯಾಗಿ ಬಾಳ್ತದ. ಅದಕ್ಕ ಅವ್ವ ಇರಬೇಕಲ್ಲ?"

ಗುಳಿಗೆಯ ಡಬ್ಬಿ ಬಸಲಿಂಗಮ್ಮನ ತಲೆಯ ಮೇಲಿನ ಗೂಡಿನಲ್ಲಿತ್ತು. ಆಕೆ ನನ್ನತ್ತ ನೋಡಲಿಲ್ಲ. ಕೈ ಎತ್ತಿ ಡಬ್ಬಿ ತೆಗೆದು, ಮುಚ್ಚಳ ತಿರುವಿ, ಒಂದು ಕೆಂಪು ಗುಳಿಗೆಯನ್ನು ಅಂಗೈ ಮೇಲೆ ಹಾಕಿಕೊಂಡು, ಅದರ ತೂಕ ನೋಡುವವಳಂತೆ ಕೈ ಆಡಿಸಿದಳು. ನಂಬಿದಳೋ ಇಲ್ಲವೋ ನಾನರಿಯೆ, ಇವತ್ತಿಗೂ ಅರಿಯೆ. "ಬರೀ ಹೊಟ್ಟಿಲೆ ನುಂಗಬ್ಯಾಡ, ವಾಕರಿಕಿ ಬರ್ತದ. ಮೊದಲ ಗಿಣ್ಣ ತಿನ್ನು" ಎಂದು ಗೊಣಗಿ, ಆ ಗುಳಿಗೆಯನ್ನು ಸೊಸೆಯ ಕೈಗೆ ಹಾಕಿದಳು.

ನೀಲಾ ನುಂಗಿದಳು. ಆ ದಿನ ನೆಲದ ಮೇಲಿಟ್ಟ ಪಿನ್ನುಗಳಲ್ಲಿ ಒಂದನ್ನು ಅವಳು ಮತ್ತೆ ಹುಡುಕಲಿಲ್ಲ, ನಾನೂ ಕೊಡಲಿಲ್ಲ. ನನ್ನ ಮೇಜಿನ ಮೇಲಿರುವುದು ಅದೇ. ತರಗತಿಗೆ ಅದನ್ನೇ ಒಯ್ಯುತ್ತೇನೆ. ಎತ್ತಿ ಹಿಡಿದು, ಏನನ್ನೂ ಹುಟ್ಟಿಸದ, ಓಲೆಯ ಆ ಆರಂಭದ ತುಣುಕಿನ ಪಾಠವನ್ನು, ಪುಸ್ತಕದಲ್ಲಿ ಇಲ್ಲದಿದ್ದರೂ, ಹೇಳುತ್ತೇನೆ. ಹಿಂದಿನ ಬೆಂಚಿನಿಂದ ಪ್ರತಿವರ್ಷವೂ ಒಬ್ಬಳು ಏಳುತ್ತಾಳೆ, ಬೆಳ್ಳನೆಯ ತುಟಿಯವಳು, ಇದು ಪರೀಕ್ಷೆಗೆ ಬರ್ತದೇನ್ರೀ ಎಂದು ಕೇಳುತ್ತಾಳೆ.

"ಹೂಂ" ಎನ್ನುತ್ತೇನೆ ನಾನು, ಪಿನ್ನನ್ನು ಕೈಯಲ್ಲಿ ಹಿಡಿದುಕೊಂಡೇ. "ಬರ್ತದ. ಪೆನ್ನು ತಗೀರಿ."